ಎರಡು ವರ್ಷದ ಕಾರ್ಡ್, ಹತ್ತು ವರ್ಷದ ಕಾರ್ಡ್: ಅಮೆರಿಕದ ಮದುವೆ ಗ್ರೀನ್ ಕಾರ್ಡಿಗೆ ಷರತ್ತು ಬಂದದ್ದು ಹೇಗೆ

ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಅಲ್ಲಿಗೆ ಹೋದವರಲ್ಲಿ ಕೆಲವರಿಗೆ ಹತ್ತು ವರ್ಷದ ಗ್ರೀನ್ ಕಾರ್ಡ್ ಸಿಗುತ್ತದೆ, ಕೆಲವರಿಗೆ ಎರಡೇ ವರ್ಷದ್ದು. ಎರಡು ವರ್ಷದ್ದು ಬಂದರೆ ಅರ್ಜಿಯಲ್ಲಿ ಏನೋ ತಪ್ಪಾಗಿದೆ, ಅಧಿಕಾರಿಗೆ ಅನುಮಾನ ಬಂದಿದೆ ಎಂದು ಊರಿನಲ್ಲಿರುವ ತಂದೆತಾಯಿ ಗಾಬರಿಯಾಗುತ್ತಾರೆ. ಅನುಮಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಯಂ ನಿವಾಸಿಯಾದ ದಿನ ಮದುವೆಗೆ ಎರಡು ವರ್ಷ ತುಂಬಿತ್ತೇ ಇಲ್ಲವೇ ಎಂಬುದಷ್ಟೇ ಲೆಕ್ಕ. ತುಂಬದಿದ್ದರೆ ಷರತ್ತಿನ ಕಾರ್ಡ್: ವೀಸಾ ಪಡೆದು ಹೋದವರಿಗೆ ಸಿಆರ್1, ಅಲ್ಲಿದ್ದೇ ಸ್ಟೇಟಸ್ ಬದಲಿಸಿಕೊಂಡವರಿಗೆ ಸಿಆರ್6. ತುಂಬಿದ್ದರೆ ಐಆರ್1 ಅಥವಾ ಐಆರ್6, ಅಂದರೆ ಹತ್ತು ವರ್ಷದ ಕಾರ್ಡ್. ಕೆಲಸ ಮಾಡುವ, ಓಡಾಡುವ, ಪೌರತ್ವಕ್ಕೆ ವರ್ಷ ಎಣಿಸುವ ಹಕ್ಕು ಇಬ್ಬರಿಗೂ ಒಂದೇ. ವ್ಯತ್ಯಾಸವಿರುವುದು ಎರಡನೇ ವರ್ಷದ ಕೊನೆಯಲ್ಲಿ ಬೇಕಾಗುವ ಇನ್ನೊಂದು ಅರ್ಜಿಯಲ್ಲಿ, ಅದಕ್ಕೆ ಯಾರ ಸಹಿ ಬೇಕು ಎಂಬುದರಲ್ಲಿ.

ಈ ವ್ಯವಸ್ಥೆ ಹಳೆಯದೇನಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಪೌರರಾಗಲು ಅನರ್ಹರೆಂದಿತು; 1946ರ ಲೂಸ್-ಸೆಲ್ಲರ್ ಕಾಯ್ದೆ ಆ ಬಾಗಿಲು ತೆರೆದರೂ ವರ್ಷಕ್ಕೆ ನೂರು ಜನರ ಮಿತಿ ಹಾಕಿತು; 1965ರ ಕಾಯ್ದೆ ದೇಶವಾರು ಕೋಟಾ ತೆಗೆದು, ಪೌರರ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಮತ್ತು ತಂದೆತಾಯಿಯನ್ನು ಸಂಖ್ಯಾಮಿತಿಯ ಹೊರಗಿಟ್ಟಿತು. ಆಮೇಲೆ ಎರಡು ದಶಕ, ಪೌರರನ್ನು ಮದುವೆಯಾದವರಿಗೆ ಮೊದಲ ದಿನದಿಂದಲೇ ಪೂರ್ತಿ ಕಾಯಂ ವಾಸ ಸಿಗುತ್ತಿತ್ತು.

ಬದಲಾದದ್ದು ಎಂಬತ್ತರ ದಶಕದಲ್ಲಿ. ಮದುವೆಯ ಆಧಾರದ ಅರ್ಜಿಗಳಲ್ಲಿ ಸುಮಾರು ಶೇ 30ರಷ್ಟು ಮೋಸದವು ಎಂಬ ಅಂದಾಜು 1985ರಲ್ಲಿ ಸೆನೆಟ್ ಸಮಿತಿಯ ಮುಂದೆ ಬಂತು. ಮರುವರ್ಷ, 1986ರ ನವೆಂಬರ್ 10ರಂದು, ಮದುವೆ ವಂಚನೆ ತಡೆಯುವ ತಿದ್ದುಪಡಿಗೆ ಅಧ್ಯಕ್ಷರ ಅಂಕಿತ ಬಿತ್ತು. ಮೋಸದ ಮದುವೆಗೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ಎಂದಿದ್ದೂ ಅದೇ ಕಾಯ್ದೆ. ಆ ಶೇ 30ರ ಲೆಕ್ಕದಲ್ಲಿ ಇದ್ದದ್ದು ಸಾಬೀತಾದ ಮೋಸವಲ್ಲ, ಅನುಮಾನ ಬಂದ ಪ್ರಕರಣಗಳು. ಆ ಲೆಕ್ಕದ ಹಿಂದಿದ್ದ ಸಮೀಕ್ಷೆಯೇ ಅಂಕಿಅಂಶದ ದೃಷ್ಟಿಯಿಂದ ನಿಲ್ಲುವಂಥದ್ದಲ್ಲ ಎಂದು 1990ರಲ್ಲಿ ಉತ್ತರ ಕೆರೊಲಿನಾದ ಫೆಡರಲ್ ನ್ಯಾಯಾಲಯವೊಂದು ದಾಖಲಿಸಿತು. ಅಷ್ಟರಲ್ಲಿ ಕಾಯ್ದೆ ಜಾರಿಗೆ ಬಂದು ಮೂರು ವರ್ಷ ದಾಟಿತ್ತು. ಅಂಕಿ ಬಿದ್ದುಹೋಯಿತು, ಷರತ್ತು ಉಳಿಯಿತು.

1986ರ ಮೂಲ ಪಠ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಇಂದಿಗೂ ಜನ ಹೆದರುವುದು ಅದರ ನೆರಳಿಗೇ. ಎರಡು ವರ್ಷ ತುಂಬುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ ಷರತ್ತು ತೆಗೆಯುವ ಅರ್ಜಿ ಹಾಕಬೇಕಿತ್ತು. ಇಬ್ಬರ ಸಹಿ ಇಲ್ಲದೆ ಹಾಕಬೇಕೆಂದರೆ ದಾರಿ ಎರಡೇ. ಗಡೀಪಾರಾದರೆ ವಿಪರೀತ ಕಷ್ಟವಾಗುತ್ತದೆಂದು ತೋರಿಸುವುದು ಒಂದು. ಮದುವೆ ಪ್ರಾಮಾಣಿಕವಾಗಿತ್ತು, ಆದರೆ ಸಕಾರಣದಿಂದ ತಾನೇ ಅದನ್ನು ಕೊನೆಗೊಳಿಸಿದೆ ಎಂದು ತೋರಿಸುವುದು ಇನ್ನೊಂದು. ‘ತಾನೇ’ ಎಂಬಲ್ಲಿ ಸಿಕ್ಕು. ಪೌರನಾದ ಗಂಡ ಮೊದಲು ಕೋರ್ಟಿಗೆ ಹೋಗಿ ಡೈವೋರ್ಸ್ ಪಡೆದರೆ ಹೆಂಡತಿಗೆ ಎರಡನೇ ದಾರಿ ಮುಚ್ಚಿಹೋಗುತ್ತಿತ್ತು. ಹೊಡೆತ ತಿಂದವಳಿಗಂತೂ ಪ್ರತ್ಯೇಕ ದಾರಿಯೇ ಇರಲಿಲ್ಲ. ‘ಸೈನ್ ಹಾಕಲ್ಲ, ಊರಿಗೆ ಹೋಗು’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಹೊಡೆತಕ್ಕಿಂತ ಗಟ್ಟಿಯಾಗಿ ಕೆಲಸ ಮಾಡಿತು. ನ್ಯೂಜೆರ್ಸಿಯಲ್ಲಿ 1985ರಲ್ಲಿ ಶುರುವಾದ ಮಾನವಿ, ನ್ಯೂಯಾರ್ಕಿನಲ್ಲಿ 1989ರಲ್ಲಿ ಶುರುವಾದ ಸಖಿಯಂಥ ದಕ್ಷಿಣ ಏಷ್ಯಾದ ಮಹಿಳಾ ಸಂಘಟನೆಗಳು ಬೆಳೆದದ್ದು ಇದೇ ಕಾಲದಲ್ಲಿ.

1990ರ ವಲಸೆ ಕಾಯ್ದೆ ಈ ಗಂಟನ್ನು ಸಡಿಲಿಸಿತು. ಮದುವೆಯನ್ನು ಯಾರು ಮುರಿದರು, ಯಾವ ಕಾರಣಕ್ಕೆ ಎಂಬ ಪ್ರಶ್ನೆ ಹೋಯಿತು. ಹೊಡೆತ ಅಥವಾ ತೀವ್ರ ಕ್ರೌರ್ಯಕ್ಕೆ ಗುರಿಯಾದವರಿಗೆ ಮೂರನೇ ದಾರಿ ಸಿಕ್ಕಿತು. ಅದಕ್ಕೆ ಡೈವೋರ್ಸ್ ಆಗಿರಬೇಕೆಂದೂ ಇಲ್ಲ. ಆದರೆ ಕಾಯ್ದೆ ಕೊಟ್ಟದ್ದನ್ನು ನಿಯಮಾವಳಿ ಅರ್ಧ ಕಿತ್ತುಕೊಂಡಿತು. ಮಾನಸಿಕ ಕ್ರೌರ್ಯದ ಅರ್ಜಿಗೆ ಪರವಾನಗಿ ಪಡೆದ ಮನೋತಜ್ಞರ ಪ್ರಮಾಣಪತ್ರವೇ ಬೇಕೆಂದು 1991ರ ನಿಯಮ ಹೇಳಿತು. ಬಂದು ವರ್ಷವೂ ಆಗದ, ಇಂಗ್ಲಿಷ್ ಸರಿಯಾಗಿ ಬಾರದ, ಕೈಯಲ್ಲಿ ದುಡ್ಡಿಲ್ಲದ ಹೆಣ್ಣುಮಗಳು ಅದನ್ನು ಎಲ್ಲಿಂದ ತರಬೇಕಿತ್ತು? 1994ರಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದು, ನಂಬಲರ್ಹವಾದ ಯಾವುದೇ ಪುರಾವೆಯನ್ನು ಪರಿಗಣಿಸಬೇಕೆಂದ ಮೇಲೆಯೇ ಆ ದಾರಿ ನಿಜಕ್ಕೂ ನಡೆಯುವಂತಾದದ್ದು. ಪೊಲೀಸ್ ವರದಿ, ಆಸ್ಪತ್ರೆಯ ಚೀಟಿ, ಮೆಸೇಜುಗಳು, ಪಕ್ಕದ ಮನೆಯವರ ಹೇಳಿಕೆ, ತನ್ನದೇ ವಿವರವಾದ ಪ್ರಮಾಣಪತ್ರ ಎಲ್ಲವೂ ನಡೆಯುತ್ತವೆ. ಇಷ್ಟು ವರ್ಷಗಳ ಮೇಲೂ ನಮ್ಮ ಜನರಲ್ಲಿ ಹೆಚ್ಚಾಗಿ ಓಡಾಡುವುದು 1986ರ ಕಥೆಯೇ. 1990ರ ತಿದ್ದುಪಡಿ ಗೊತ್ತಿರುವವರು ಕಡಿಮೆ.

ಇನ್ನು ಇಂದಿನ ಲೆಕ್ಕಾಚಾರ. ಮೊದಲ ಗೊಂದಲ ಮದುವೆಯ ದಿನಾಂಕದ್ದು. ವೀಸಾ ಕಾಗದ ಬೇಗ ಶುರುವಾಗಲಿ ಎಂದು ದೇವಸ್ಥಾನದಲ್ಲಿ ಸರಳವಾಗಿ ಮದುವೆ ಮಾಡಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಆರೇಳು ತಿಂಗಳ ಮೇಲೆ ಛತ್ರದಲ್ಲಿ ಧಾರೆ ಎರೆಯುವ ಮನೆಗಳಿವೆ. ಎಣಿಕೆ ಶುರುವಾಗುವುದು ಕಾನೂನಿನ ಪ್ರಕಾರ ಮದುವೆಯಾದ ಮೊದಲ ದಿನದಿಂದ. ಛತ್ರದ ಮುಹೂರ್ತದಿಂದಲ್ಲ, ನೋಂದಣಿಯ ದಿನದಿಂದಲೂ ಅಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಕೊಡುವ ಪ್ರಮಾಣಪತ್ರದಲ್ಲಿ ಮದುವೆಯ ದಿನ, ನೋಂದಣಿಯ ದಿನ ಎರಡೂ ಇರುತ್ತವೆ, ಅರ್ಜಿಗೆ ಬರೆಯಬೇಕಾದದ್ದು ಮೊದಲನೆಯದು. ಅರ್ಜಿಯಲ್ಲಿ ಒಂದು ದಿನಾಂಕ, ಲಗತ್ತಿಸಿದ ಲಗ್ನಪತ್ರಿಕೆಯಲ್ಲಿ ಇನ್ನೊಂದು ಇದ್ದರೆ ಮುಂಬೈ ಕಾನ್ಸುಲೇಟಿನ ಸಂದರ್ಶನದಲ್ಲಿ ಪ್ರಶ್ನೆ ಬರುತ್ತದೆ. ಎರಡು ಸಮಾರಂಭ ಏಕೆ ಆಯಿತು ಎಂದು ಅರ್ಜಿಯ ಜೊತೆಗೇ ಒಂದು ಪುಟ ಬರೆದಿಟ್ಟರೆ ಅಲ್ಲಿಗೆ ಮುಗಿಯುತ್ತದೆ.

ಎರಡನೆಯದು, ಎರಡು ವರ್ಷ ತುಂಬಿದೆಯೇ ಎಂದು ನೋಡುವುದು ಅರ್ಜಿ ಹಾಕಿದ ದಿನವಲ್ಲ, ವೀಸಾ ಅಂಟಿಸಿದ ದಿನವೂ ಅಲ್ಲ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಒಳಗೆ ಬಿಟ್ಟ ದಿನ. ಅಲ್ಲೇ ಇರುವವರಿಗಾದರೆ ಅರ್ಜಿ ಮಂಜೂರಾದ ದಿನ. ಪಾಸ್‌ಪೋರ್ಟಿನಲ್ಲಿ ಸಿಆರ್1 ಎಂದಿದ್ದರೂ ಎರಡನೇ ವಾರ್ಷಿಕೋತ್ಸವ ದಾಟಿದ ಮೇಲೆ ಹೋಗಿ ಇಳಿದವರಿಗೆ ಐಆರ್1 ಆಗಿ ಪ್ರವೇಶ ಸಿಗಬೇಕು. ಇದನ್ನು ಅಲ್ಲಿನ ಅಧಿಕಾರಿಗೆ ಮದುವೆ ಪ್ರಮಾಣಪತ್ರ ತೋರಿಸಿ ಬಾಯಿಬಿಟ್ಟು ಕೇಳಬೇಕು. ಕೇಳದೆ ಎರಡು ವರ್ಷದ ಕಾರ್ಡ್ ಮನೆಗೆ ಬಂದರೆ ಐ-90, ಅಂದರೆ ಕಾರ್ಡ್ ಬದಲಿಸಿಕೊಳ್ಳುವ ಅರ್ಜಿ, ಹಾಕಿ ತಿದ್ದಿಸಬೇಕಾಗುತ್ತದೆ. ವೀಸಾ ಕೈಯಲ್ಲಿದ್ದು, ಅದರ ಅವಧಿ ಇನ್ನೂ ಇದ್ದು, ಎರಡು ವರ್ಷಕ್ಕೆ ಒಂದೆರಡು ವಾರವಷ್ಟೇ ಬಾಕಿ ಇದ್ದರೆ ಟಿಕೆಟ್ ಮುಂದೆ ಹಾಕುವುದು ಒಳ್ಳೆಯದು. ಷರತ್ತು ತೆಗೆಯುವ ದೊಡ್ಡ ಅರ್ಜಿಯ ಕೆಲಸವೇ ತಪ್ಪುತ್ತದೆ.

ಆ ಅರ್ಜಿಯೇ ಐ-751. ಶುಲ್ಕ 2024ರ ಏಪ್ರಿಲ್ 1ರಿಂದ 750 ಡಾಲರ್. ಕಾರ್ಡಿನ ಅವಧಿ ಮುಗಿಯುವ ದಿನಕ್ಕೆ ಮುಂಚಿನ 90 ದಿನಗಳ ಒಳಗೆ ಅದು ಅಮೆರಿಕದ ವಲಸೆ ಇಲಾಖೆಯ ಕೈ ಸೇರಬೇಕು. 90 ದಿನ ಎಂದರೆ ಮೂರು ತಿಂಗಳಲ್ಲ. ಆಗಸ್ಟ್ 10ಕ್ಕೆ ಮುಗಿಯುವ ಕಾರ್ಡಿಗೆ ಬಾಗಿಲು ತೆರೆಯುವುದು ಮೇ 12ಕ್ಕೆ. ಮೇ 10ಕ್ಕೇ ತಲುಪಿದ ಅರ್ಜಿ ವಾಪಸ್ ಬರುತ್ತದೆ. ತಡವಾದರೆ ಇನ್ನೂ ಕಷ್ಟ: ಎರಡು ವರ್ಷ ತುಂಬಿದ ದಿನ ಸ್ಟೇಟಸ್ ತಾನಾಗಿ ಕೊನೆಯಾಗುತ್ತದೆ, ವಲಸೆ ಕೋರ್ಟಿನ ನೋಟಿಸ್ ಬರಬಹುದು. ತಡಕ್ಕೆ ಸರಿಯಾದ ಕಾರಣ ಬರೆದು ಹಾಕಲು ಅವಕಾಶವಿದೆ, ಆದರೆ ಒಪ್ಪುವುದು ಬಿಡುವುದು ಅಧಿಕಾರಿಯ ಕೈಲಿ. ಷರತ್ತಿನ ಕಾರ್ಡನ್ನು ಐ-90ರಲ್ಲಿ ನವೀಕರಿಸಲು ಬರುವುದಿಲ್ಲ. ಹಾಗೆ ಹಾಕಿ ತಿಂಗಳುಗಟ್ಟಲೆ ಕಳೆದುಕೊಳ್ಳುವವರಿದ್ದಾರೆ. ಜೊತೆಗೆ ಬಂದ ಮಗು ತಾಯಿಯ ಜೊತೆಗೇ, ಅಥವಾ 90 ದಿನಗಳ ಒಳಗೆ, ಷರತ್ತಿನ ನಿವಾಸಿಯಾಗಿದ್ದರೆ ಒಂದೇ ಅರ್ಜಿ ಸಾಕು. ಆಮೇಲೆ ಬಂದಿದ್ದರೆ ಮಗುವಿಗೆ ಬೇರೆಯದೇ ಹಾಕಬೇಕು.

ಪುರಾವೆಯ ವಿಷಯಕ್ಕೆ ಬಂದರೆ, ಮದುವೆ ಆಲ್ಬಮ್ ಬಗ್ಗೆ ನಮ್ಮವರಿಗೆ ಇರುವಷ್ಟು ನಂಬಿಕೆ ಅಧಿಕಾರಿಗೆ ಇಲ್ಲ. ಅವರು ನೋಡುವುದು ಆಮೇಲಿನ ಎರಡು ವರ್ಷದ ಸಂಸಾರವನ್ನು: ಜಂಟಿ ತೆರಿಗೆ ವಿವರ, ಇಬ್ಬರ ಹೆಸರಿನ ಬಾಡಿಗೆ ಕರಾರು ಅಥವಾ ಮನೆ ಸಾಲ, ಸಂಬಳ ಬಂದು ದಿನಸಿ ಬಿಲ್ಲು ಹೋಗುವ ಜಂಟಿ ಖಾತೆ, ಆರೋಗ್ಯ ಮತ್ತು ಕಾರು ವಿಮೆ, ಮಗುವಿನ ಜನನ ಪ್ರಮಾಣಪತ್ರ. ಕೊನೇ ತಿಂಗಳು ತೆರೆದ ಜಂಟಿ ಖಾತೆಗೆ ಬೆಲೆ ಇಲ್ಲ. ಮದುವೆಯಾಗಿದ್ದೂ ತೆರಿಗೆಯಲ್ಲಿ ಅವಿವಾಹಿತ ಎಂದು ತೋರಿಸಿದ್ದರೆ ಮೊದಲು ಅದನ್ನು ತಿದ್ದಬೇಕು, ಆಮೇಲೆ ಅರ್ಜಿ. ಕೂಡು ಕುಟುಂಬದಲ್ಲಿ ಅತ್ತೆ ಮಾವನ ಮನೆಯಲ್ಲಿರುವ ಸೊಸೆಗೆ ತೊಂದರೆ ಹೆಚ್ಚು: ಬಾಡಿಗೆ ಕರಾರಿಲ್ಲ, ಕರೆಂಟ್ ಬಿಲ್ ಮಾವನ ಹೆಸರಲ್ಲಿ, ಖಾತೆ ಗಂಡನದು. ಅಂಥವರು ಮೊದಲ ವರ್ಷದಲ್ಲೇ ಆ ವಿಳಾಸಕ್ಕೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, ವಿಮೆಯಲ್ಲಿ ಹೆಸರು ಸೇರಿಸಿ, ಬ್ಯಾಂಕ್ ಪತ್ರಗಳು ತಮ್ಮ ಹೆಸರಿಗೆ ಬರುವಂತೆ ಮಾಡಿಕೊಳ್ಳಬೇಕು. ಇಬ್ಬರೂ ಇಲ್ಲೇ ಇರುತ್ತಾರೆಂದು ಮಾವ ಪ್ರಮಾಣಪತ್ರ ಬರೆದುಕೊಟ್ಟರೆ ಅದೂ ಪುರಾವೆಯೇ.

ಅರ್ಜಿ ತಲುಪಿದ ಮೇಲೆ ಬರುವ ರಸೀದಿ ಪತ್ರ ಹಳೆಯ ಕಾರ್ಡಿನ ಅವಧಿಯನ್ನು ವಿಸ್ತರಿಸುತ್ತದೆ. ಹಿಂದೆ 12 ತಿಂಗಳಿದ್ದದ್ದು 2018ರಲ್ಲಿ 18, 2021ರಲ್ಲಿ 24, 2023ರ ಜನವರಿಯಲ್ಲಿ 48 ತಿಂಗಳಾಯಿತು. ತೀರ್ಮಾನ ಎಷ್ಟು ನಿಧಾನವಾಗುತ್ತ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬೆಂಗಳೂರಿಗೆ ಬಂದು ಹೋಗುವವರು ಈ ಪತ್ರದ ಮೂಲಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಅವಧಿ ಮುಗಿದ ಕಾರ್ಡ್ ನೋಡಿ ವಿಮಾನದ ಕೌಂಟರಿನವರು ತಡೆದಾಗ ಕೆಲಸಕ್ಕೆ ಬರುವುದು ಆ ಪತ್ರವೇ.

ಸಂಸಾರ ಮುರಿದಾಗಿನ ದಾರಿ ಬೇರೆ. ಡೈವೋರ್ಸ್ ಪೂರ್ತಿಯಾಗಿದ್ದರೆ, ಸಂಗಾತಿ ತೀರಿಕೊಂಡಿದ್ದರೆ, ದೌರ್ಜನ್ಯವಿದ್ದರೆ, ಅಥವಾ ಗಡೀಪಾರಿನಿಂದ ವಿಪರೀತ ಕಷ್ಟವಾಗುವುದಿದ್ದರೆ ಒಬ್ಬರೇ ಸಹಿ ಮಾಡಿ ಐ-751 ಹಾಕಬಹುದು. ಇದಕ್ಕೆ 90 ದಿನದ ಕಿಟಕಿ ಕಾಯಬೇಕಿಲ್ಲ. ಎರಡು ವರ್ಷದೊಳಗೆ ಯಾವಾಗ ಬೇಕಾದರೂ ಆದೀತು. ಆದರೆ ಮದುವೆ ಪ್ರಾಮಾಣಿಕವಾಗಿತ್ತೆಂದು ತೋರಿಸುವ ಭಾರ ಆಗ ಪೂರ್ತಿಯಾಗಿ ಅರ್ಜಿದಾರರ ಮೇಲೆ ಬೀಳುತ್ತದೆ. ಆದ್ದರಿಂದ ಮನೆ ಬಿಡುವಾಗ ತೆರಿಗೆ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫೋಟೋಗಳ ನಕಲು ಬೇರೆ ಕಡೆ ಇರಬೇಕು. ಅತಿ ಇಕ್ಕಟ್ಟು ಬರೀ ಬೇರೆಯಾಗಿದ್ದು ಡೈವೋರ್ಸ್ ಇನ್ನೂ ಕೋರ್ಟಿನಲ್ಲಿರುವವರದ್ದು. ಜಂಟಿ ಸಹಿ ಸಿಗುವುದಿಲ್ಲ, ಅಂತಿಮ ತೀರ್ಪು ಕೈಯಲ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಕನಿಷ್ಠ ಆರು ತಿಂಗಳು ಕಾಯಲೇಬೇಕು. ಅಷ್ಟರಲ್ಲಿ ಐ-751 ಹಾಕಿದ್ದರೆ, ಡೈವೋರ್ಸಿನ ತೀರ್ಪು ಒದಗಿಸಲು ಇಲಾಖೆ ಸಾಮಾನ್ಯವಾಗಿ 87 ದಿನ ಕೊಡುತ್ತದೆ. ಜಂಟಿ ಅರ್ಜಿ ಹಾಕಿದ ಮೇಲೆ ಡೈವೋರ್ಸ್ ಆದರೂ ಹೊಸ ಅರ್ಜಿ ಬೇಡ, ಇದ್ದದ್ದನ್ನೇ ಒಂಟಿ ಅರ್ಜಿಯಾಗಿ ಬದಲಿಸಿ ಎಂದು ತೀರ್ಪಿನ ಪ್ರತಿಯೊಂದಿಗೆ ಬರೆದು ಕೇಳಬಹುದು. ಪೌರತ್ವಕ್ಕೆ ಮಾತ್ರ ಮೂರು ವರ್ಷದ ರಿಯಾಯಿತಿ ಹೋಗಿ ಐದು ವರ್ಷ ಕಾಯಬೇಕಾಗುತ್ತದೆ. ಷರತ್ತಿನ ಎರಡು ವರ್ಷವೂ ಆ ಐದರಲ್ಲಿ ಸೇರುತ್ತದೆ. ವಲಸೆ ಬಂದವರನ್ನು ಪೋಷಿಸುತ್ತೇನೆಂದು ಸಂಗಾತಿ ಸಹಿ ಮಾಡಿಕೊಟ್ಟ ಐ-864 ಪತ್ರದ ಹೊಣೆ ಡೈವೋರ್ಸಿನಿಂದ ಕೊನೆಯಾಗುವುದಿಲ್ಲ ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ.

ಒಂದು ತೊಡಕು ಊರಿನ ಕಡೆಯದು. ಅಮೆರಿಕದ ಕೋರ್ಟ್ ಕೊಟ್ಟ ಡೈವೋರ್ಸ್ ಐ-751ಕ್ಕೆ ಸಾಕು, ಭಾರತದಲ್ಲಿ ಎಲ್ಲ ಸಲ ಸಾಲದು. 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ತಿರುಪತಿಯಲ್ಲಿ ಆದ ಮದುವೆಗೆ ಮಿಸೌರಿಯ ಕೋರ್ಟ್ ಕೊಟ್ಟ ವಿಚ್ಛೇದನವನ್ನು ಒಪ್ಪಲಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಇನ್ನೊಬ್ಬರು ಆ ಕೋರ್ಟಿನ ಅಧಿಕಾರವನ್ನು ಮನಸಾರೆ ಒಪ್ಪದೇ ಇದ್ದಾಗ ಬಂದ ತೀರ್ಪು ಇಲ್ಲಿ ನಡೆಯುವುದಿಲ್ಲ ಎಂಬುದು ಅದರ ತಿರುಳು. ಹಾಗಾಗಿ ಅಲ್ಲಿ ಷರತ್ತು ತೆಗೆಸಿಕೊಂಡು ಹತ್ತು ವರ್ಷದ ಕಾರ್ಡ್ ಪಡೆದವರು ಇಲ್ಲಿ ಮರುಮದುವೆಗೆ ಹೊರಟಾಗ ಹಳೆಯ ಮದುವೆ ಇನ್ನೂ ಊರ್ಜಿತವಾಗಿರಬಹುದು. ಇಬ್ಬರೂ ಒಪ್ಪುವುದಾದರೆ, ಅಮೆರಿಕದ ಪ್ರಕರಣದಲ್ಲಿ ಇಬ್ಬರೂ ವಕೀಲರ ಮೂಲಕ ಹಾಜರಾಗಿ ಸಮ್ಮತಿಯನ್ನು ತೀರ್ಪಿನಲ್ಲೇ ದಾಖಲಿಸಿಕೊಳ್ಳುವುದು ಒಂದು ಬಗೆ. ಇಲ್ಲಿನ ಕುಟುಂಬ ನ್ಯಾಯಾಲಯದಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಅಡಿ ಪರಸ್ಪರ ಸಮ್ಮತಿಯ ಅರ್ಜಿ ಹಾಕುವುದು ಇನ್ನೊಂದು. ಅದಕ್ಕೆ ಒಂದು ವರ್ಷ ಬೇರೆಯಾಗಿ ಇದ್ದಿರಬೇಕು, ನಂತರದ ಆರು ತಿಂಗಳ ಕಾಯುವಿಕೆಯನ್ನು 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನ್ಯಾಯಾಲಯ ಮನ್ನಾ ಮಾಡಬಹುದು. ಐ-751ರ ಗಡುವು ಹತ್ತಿರವಿದ್ದರೆ ಅಮೆರಿಕದ ಕೋರ್ಟನ್ನೇ ಮೊದಲು ಹಿಡಿಯಬೇಕಾಗುತ್ತದೆ.