ಹಂಚಿಕೆಯ ಸಂಪರ್ಕ, ಸ್ವಂತ ಸಂಪರ್ಕ: ಕಚೇರಿಯ ಫೋನ್ ಪಟ್ಟಿಯಲ್ಲಿ ಯಾವುದು ಯಾರದ್ದು?

ಕಚೇರಿ ಕೆಲಸದ ಕರೆ ಮತ್ತು ಸಂದೇಶಗಳಿಗೆ ಮೈಕ್ರೋಸಾಫ್ಟ್ ಟೀಮ್ಸ್, ಜೂಮ್ ಫೋನ್‌ನಂಥ ತಂತ್ರಾಂಶ ಬಳಸುವವರಿಗೆ ‘ಸಂಪರ್ಕಗಳು’ ಎಂಬ ವಿಭಾಗ ಹೊಸದಲ್ಲ. ಹೆಸರು ಹುಡುಕಿದರೆ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಹಾಗಾಗಿ ಅದು ಒಂದೇ ಪಟ್ಟಿ ಎಂದು ಅನೇಕರು ತಿಳಿದಿರುತ್ತಾರೆ. ವಾಸ್ತವದಲ್ಲಿ ಆ ಪರದೆಯ ಹಿಂದೆ ಬೇರೆ ಬೇರೆ ಪಟ್ಟಿಗಳಿರುತ್ತವೆ. ಒಂದೊಂದಕ್ಕೂ ಬೇರೆ ಯಜಮಾನ, ಬೇರೆ ನಿಯಮ.

ಮೊದಲನೆಯದು ಸಂಸ್ಥೆಯ ಡೈರೆಕ್ಟರಿ. ಇದರಲ್ಲಿ ಮುಖ್ಯವಾಗಿ ಇರುವವರು ಸಹೋದ್ಯೋಗಿಗಳು. ಹೊಸಬರು ಕೆಲಸಕ್ಕೆ ಸೇರಿ ಅವರ ಖಾತೆ ತೆರೆದಾಗ ಹೆಸರು ತಾನಾಗಿ ಬರುತ್ತದೆ, ಖಾತೆ ಮುಚ್ಚಿದಾಗ ಹೋಗುತ್ತದೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂಬ ಕಚೇರಿ ಇ-ಮೇಲ್ ವ್ಯವಸ್ಥೆಯಲ್ಲಿ ಇದನ್ನೇ ಗ್ಲೋಬಲ್ ಅಡ್ರೆಸ್ ಲಿಸ್ಟ್ ಎನ್ನುತ್ತಾರೆ. ಇದರ ಹೊಣೆ ಐಟಿ ವಿಭಾಗದ್ದು, ನಾವು ಓದುಗರು ಮಾತ್ರ.

ಹಂಚಿಕೆಯ ಸಂಪರ್ಕ ಎಂದರೆ ಸಂಸ್ಥೆಯ ಹೊರಗಿನವರ ಪಟ್ಟಿ: ಗ್ರಾಹಕರು, ಸರಬರಾಜುದಾರರು, ಲಾರಿ ಕಚೇರಿ, ಲೆಕ್ಕಪರಿಶೋಧಕರು, ಲಿಫ್ಟ್ ದುರಸ್ತಿಯವರು. ಒಬ್ಬರು ಸೇರಿಸಿದ ಹೆಸರು ಇಡೀ ತಂಡಕ್ಕೆ ಕಾಣುತ್ತದೆ, ಒಬ್ಬರು ತಿದ್ದಿದರೆ ಎಲ್ಲರಿಗೂ ತಿದ್ದಿದಂತೆ. ಯಾರು ಸೇರಿಸಬಹುದು, ಯಾರು ಅಳಿಸಬಹುದು ಎಂಬುದನ್ನು ನಿರ್ವಾಹಕರು ನಿಗದಿ ಮಾಡುತ್ತಾರೆ. ಸ್ವಂತ ಸಂಪರ್ಕ ನಿಮ್ಮ ಖಾತೆಗೆ ಮಾತ್ರ ಸೇರಿದ್ದು. ಪಕ್ಕದ ಮೇಜಿನವರು ಎಷ್ಟೇ ಹುಡುಕಿದರೂ ಅದು ಅವರಿಗೆ ಸಿಗುವುದಿಲ್ಲ.

ವ್ಯಾಖ್ಯಾನ ಇಷ್ಟು ಸರಳ, ತೊಡಕು ಶುರುವಾಗುವುದು ಹೆಸರು ಬರೆಯುವಾಗ. ನಮ್ಮ ಮೊಬೈಲ್‌ಗಳಲ್ಲಿ ಹೆಸರಿಗೆ ಕಸುಬು ಅಂಟಿಸಿ ಬರೆದುಕೊಳ್ಳುವ ರೂಢಿ ಇದೆ. ಹುಬ್ಬಳ್ಳಿಯಲ್ಲಿ ನೀರಾವರಿ ಪಂಪ್ ಮಾರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಅಲ್ಲಿನ ಮಾರಾಟ ಪ್ರತಿನಿಧಿಯ ಫೋನಿನಲ್ಲಿ ‘ರಮೇಶ್ ಪೈಪ್’, ‘ರಮೇಶ್ ಪೈಪ್ ಹೊಸ ನಂಬರ್’, ‘ಗದಗ ಅಣ್ಣ’, ‘ಪಾಟೀಲರು ಬಾಕಿ’ ಎಂದೆಲ್ಲ ಇರುತ್ತದೆ. ಬರೆದವರಿಗೆ ಅದರಷ್ಟು ಸ್ಪಷ್ಟವಾದದ್ದು ಬೇರೆ ಇಲ್ಲ. ಸ್ವಂತ ಪಟ್ಟಿಯಲ್ಲಿ ಅದು ಹಾಗೆಯೇ ಇರಲಿ, ಯಾರೂ ಆಕ್ಷೇಪಿಸಬೇಕಿಲ್ಲ. ಅದೇ ಹೆಸರುಗಳು ಹಂಚಿಕೆಯ ಪಟ್ಟಿಗೆ ಬಂದರೆ ಉಳಿದವರಿಗೆ ತಲೆಬುಡ ತಿಳಿಯುವುದಿಲ್ಲ. ಅಲ್ಲಿ ಪೂರ್ಣ ಹೆಸರು, ಅಂಗಡಿ ಅಥವಾ ಸಂಸ್ಥೆ, ಊರು, ಅವರು ನೋಡಿಕೊಳ್ಳುವ ಕೆಲಸ ಇಷ್ಟಾದರೂ ಇರಬೇಕು. ‘ಬಾಕಿ’ ಎಂಬ ಮಾತಂತೂ ಖಂಡಿತ ಬೇಡ. ಸಂಪರ್ಕವನ್ನು ಇನ್ನೊಬ್ಬರಿಗೆ ಕಳಿಸುವಾಗ ಹೆಚ್ಚಾಗಿ ಬಳಕೆಯಾಗುವುದು ವಿ-ಕಾರ್ಡ್ ಎಂಬ ಕಡತ. ಅದರಲ್ಲಿ ಹೆಸರು, ಸಂಖ್ಯೆಗಳ ಜೊತೆಗೆ ಟಿಪ್ಪಣಿಗೂ ಜಾಗವಿದೆ. ನೀವು ಒಳಗಿನವರಿಗೆಂದು ಬರೆದ ಸಾಲು ಕೈಯಿಂದ ಕೈಗೆ ದಾಟಿ ಪಾಟೀಲರ ಕಣ್ಣಿಗೇ ಬೀಳಬಹುದು.

ಸಂಖ್ಯೆ ಬರೆಯುವ ಕ್ರಮವೂ ಅಷ್ಟೇ ಮುಖ್ಯ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಎಂಬ ಮಾನಕದ ಪ್ರಕಾರ ದೇಶದ ಸಂಕೇತವೂ ಸೇರಿ ಒಂದು ಸಂಖ್ಯೆಯಲ್ಲಿ 15 ಅಂಕಿಗಳಿಗಿಂತ ಹೆಚ್ಚು ಇರುವಂತಿಲ್ಲ, ಬರೆಯುವಾಗ ಮುಂದೆ ಕೂಡಿಸುವ ಚಿಹ್ನೆ ಹಾಕುತ್ತಾರೆ. ಹುಬ್ಬಳ್ಳಿಯ ಸ್ಥಿರ ದೂರವಾಣಿಗೆ ನಾವು 0836 ಎಂದು ಬರೆಯುತ್ತೇವೆ. ಮಾನಕದ ರೂಪದಲ್ಲಿ ಮೊದಲ ಸೊನ್ನೆ ಬಿದ್ದುಹೋಗಿ +91 836 ಎಂದಾಗುತ್ತದೆ. ಬರೆದವರು ಹುಬ್ಬಳ್ಳಿಯಲ್ಲಿಯೇ ಕೂತು ಕರೆ ಮಾಡುವವರೆಗೆ ಯಾವ ರೂಪವಿದ್ದರೂ ನಡೆದೀತು. ಅದೇ ಪಟ್ಟಿಯನ್ನು ದುಬೈ ಶಾಖೆಯವರೂ ಬಳಸುವುದಾದರೆ ಸೊನ್ನೆಯಿಂದ ಶುರುವಾಗುವ ಸಂಖ್ಯೆಗೆ ಅಲ್ಲಿಂದ ಕರೆ ಹೋಗುವುದಿಲ್ಲ. ಒಂದೇ ಸಂಖ್ಯೆಯನ್ನು ಇಬ್ಬರು ಎರಡು ರೂಪದಲ್ಲಿ ಸೇರಿಸಿದರೆ ಎಷ್ಟೋ ಸಲ ತಂತ್ರಾಂಶ ಅದನ್ನು ಇಬ್ಬರು ಬೇರೆ ವ್ಯಕ್ತಿಗಳೆಂದೇ ತಿಳಿಯುತ್ತದೆ. ಒಳಬರುವ ಕರೆಗೆ ಹೆಸರು ತೋರದೆ ಬರೀ ಸಂಖ್ಯೆ ಕಾಣುವುದಕ್ಕೂ ಬಹಳ ಸಲ ಕಾರಣ ಇದೇ.

ಇನ್ನು ನಕಲಿನ ವಿಷಯ. ಹಂಚಿಕೆಯ ಪಟ್ಟಿಯಲ್ಲಿರುವ ಹೆಸರನ್ನು ಬೇಗ ಸಿಗಲಿ ಎಂದು ಸ್ವಂತ ಪಟ್ಟಿಗೂ ಸೇರಿಸಿಕೊಳ್ಳುವವರು ಬಹಳ ಮಂದಿ. ಬಹುತೇಕ ತಂತ್ರಾಂಶಗಳಲ್ಲಿ ಆ ಕ್ಷಣಕ್ಕೆ ಅದು ಪ್ರತ್ಯೇಕ ನಮೂದಾಗುತ್ತದೆ. ಮುಂದೆ ಗ್ರಾಹಕರ ಸಂಖ್ಯೆ ಬದಲಾಗಿ ಯಾರೋ ಮೂಲದಲ್ಲಿ ತಿದ್ದಿದರೂ ನಿಮ್ಮ ನಕಲಿನಲ್ಲಿ ಹಳೆಯದೇ ಉಳಿಯುತ್ತದೆ. ನಕಲಿನ ಬದಲು ‘ಮೆಚ್ಚಿನವು’ ಎಂದು ನಕ್ಷತ್ರದ ಗುರುತು ಹಾಕುವ ಸೌಲಭ್ಯವಿದ್ದರೆ ಅದನ್ನೇ ಬಳಸುವುದು ಒಳ್ಳೆಯದು, ಏಕೆಂದರೆ ಆಗ ನೀವು ನೋಡುವುದು ಮೂಲವನ್ನೇ.

ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳಿರುವುದು ಒಡೆತನದಲ್ಲಿ. ಹತ್ತು ವರ್ಷ ದುಡಿದ ಪ್ರತಿನಿಧಿಯೊಬ್ಬರು ಕೆಲಸ ಬಿಡುತ್ತಾರೆ. ಅವರು ಎಲ್ಲವನ್ನೂ ಸ್ವಂತ ಪಟ್ಟಿಯಲ್ಲೇ ಇಟ್ಟುಕೊಂಡಿದ್ದರೆ ಖಾತೆ ಅಳಿಸಿದಾಗ ಗ್ರಾಹಕರ ಸಂಖ್ಯೆಗಳೂ ಹೋಗುತ್ತವೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಖಾತೆಯನ್ನು 20 ದಿನಗಳೊಳಗೆ, ಮೈಕ್ರೋಸಾಫ್ಟ್ 365ರಲ್ಲಿ 30 ದಿನಗಳೊಳಗೆ ನಿರ್ವಾಹಕರು ಮರಳಿ ತರಬಹುದು. ಆ ಗಡುವು ದಾಟಿದ ಮೇಲೆ ಆ ದಾರಿ ಮುಚ್ಚಿದಂತೆ. ಇದಕ್ಕೆ ಇನ್ನೊಂದು ಮುಖವೂ ಇದೆ, ಅದರ ಬಗ್ಗೆ ಮಾತು ಕಡಿಮೆ. ಕಚೇರಿ ಖಾತೆಯಲ್ಲಿ ಮಗಳ ಶಾಲೆಯ ಸಂಖ್ಯೆ, ಮನೆಯ ವೈದ್ಯರ ಸಂಖ್ಯೆ ಬರೆದಿಟ್ಟುಕೊಂಡವರಿಗೆ ಕೊನೆಯ ದಿನ ಅವೂ ಕೈತಪ್ಪುತ್ತವೆ. ‘ಸ್ವಂತ’ ಎಂಬ ಹೆಸರಿದ್ದರೂ ಅದು ಕೂತಿರುವುದು ಸಂಸ್ಥೆಯ ಖಾತೆಯಲ್ಲಿ.

ಇದಕ್ಕಿಂತ ಎಚ್ಚರ ಬೇಕಾದದ್ದು ತಂತ್ರಾಂಶ ಮೊದಲ ಸಲ ತೆರೆದಾಗ ಕೇಳುವ ಒಂದು ಪ್ರಶ್ನೆಗೆ: ‘ಫೋನಿನ ಸಂಪರ್ಕಗಳನ್ನು ಬಳಸಲು ಅನುಮತಿ ನೀಡುವಿರಾ?’ ಅವಸರದಲ್ಲಿ ‘ಹೌದು’ ಒತ್ತಿದರೆ ನೆಂಟರು, ಸ್ನೇಹಿತರು, ನೆರೆಯವರು ಎಲ್ಲರ ಹೆಸರು-ಸಂಖ್ಯೆಗಳೂ ಆ ತಂತ್ರಾಂಶಕ್ಕೆ ತೆರೆದುಕೊಳ್ಳುತ್ತವೆ. ಅವು ಫೋನಿನಲ್ಲೇ ಉಳಿಯುತ್ತವೆಯೋ ಸರ್ವರ್‌ಗೆ ಹೋಗುತ್ತವೆಯೋ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಅವರಲ್ಲಿ ಯಾರನ್ನೂ ನಾವು ಕೇಳಿರುವುದಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಭೇದವನ್ನು ಗುರುತಿಸಿದೆ. ವ್ಯಕ್ತಿಯೊಬ್ಬರು ಸ್ವಂತಕ್ಕೆ ಅಥವಾ ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಸಂಸ್ಥೆ ತನ್ನ ವ್ಯವಹಾರಕ್ಕೆ ಇಟ್ಟುಕೊಂಡ ಪಟ್ಟಿಗೆ ಆ ವಿನಾಯಿತಿ ಇಲ್ಲ. ತಮ್ಮ ಮಾಹಿತಿಯನ್ನು ತಿದ್ದಿ, ಅಳಿಸಿ ಎಂದು ಕೇಳುವ ಹಕ್ಕನ್ನೂ ಕಾಯ್ದೆ ಆ ಮಾಹಿತಿಯ ಜನರಿಗೆ ಕೊಡುತ್ತದೆ. ರಮೇಶ್ ಅವರ ಸಂಖ್ಯೆ ನಿಮ್ಮ ಜೇಬಿನ ಫೋನಿನಲ್ಲಿ ಗೆಳೆಯನದಾಗಿದ್ದಾಗ ಒಂದು ಲೆಕ್ಕ, ಸಂಸ್ಥೆಯ ಹಂಚಿಕೆಯ ಪಟ್ಟಿಗೆ ಹೋದಾಗ ಇನ್ನೊಂದು ಲೆಕ್ಕ. ಹಾಗಾಗಿ ಅವರು ಅಂಗಡಿಯ ಸಂಖ್ಯೆ, ಮನೆಯ ಸಂಖ್ಯೆ ಎರಡನ್ನೂ ಕೊಟ್ಟಿದ್ದರೆ ಹಂಚಿಕೆಯ ಪಟ್ಟಿಗೆ ಅಂಗಡಿಯದನ್ನು ಮಾತ್ರ ಹಾಕಿ. ಮನೆಯದನ್ನೂ ಹಾಕಲೇಬೇಕಾದ ಸಂದರ್ಭ ಬಂದರೆ ಅವರಿಗೇ ಒಂದು ಕರೆ ಮಾಡಿ ಕೇಳಿಬಿಡಿ.