ಮಕ್ಕಳ ತೂಕ ಮತ್ತು ಮನೆಯ ಸಂಜೆ ಹೊತ್ತು

ಉಡುಪಿಯ ನನ್ನ ಕ್ಲಿನಿಕ್ಕಿಗೆ ಮಗುವಿನ ತೂಕ ಜಾಸ್ತಿಯಾಯಿತು ಎಂದು ಬರುವ ಅಪ್ಪ ಅಮ್ಮ ಸಾಮಾನ್ಯವಾಗಿ ಕೇಳುವುದು ಡಯಟ್ ಚಾರ್ಟ್. "ಡಾಕ್ಟ್ರೇ, ಇವನು ಊಟವೇ ಸರಿ ಮಾಡುದಿಲ್ಲ. ಆದ್ರೂ ತೂಕ ಏರುದು ಎಂತಕ್ಕೆ?" ಅವರು ಹೇಳುವುದು ನಿಜವೇ. ಬೆಳಿಗ್ಗೆ ತಿಂಡಿ ಬೇಡ, ಮಧ್ಯಾಹ್ನದ ಬುತ್ತಿ ಅರ್ಧ ವಾಪಸ್, ರಾತ್ರಿ ಎರಡು ತುತ್ತು ಅನ್ನ. ಹಾಗಾಗಿ ನಾನು ಮೊದಲು ಊಟದ ವಿಷಯ ತೆಗೆಯುವುದಿಲ್ಲ. ಶಾಲೆ ಬಿಟ್ಟು ಬಂದ ಮೇಲೆ ಮಲಗುವವರೆಗೆ ಮನೆಯಲ್ಲಿ ಏನೇನಾಗುತ್ತದೆ ಹೇಳಿ ಎನ್ನುತ್ತೇನೆ.

ಆಗ ಎಲ್ಲ ಹೊರಗೆ ಬರುತ್ತದೆ. ನಾಲ್ಕೂವರೆಗೆ ವ್ಯಾನ್ ಇಳಿಯುವ ಮಗುವಿಗೆ ಹೊಟ್ಟೆ ನಿಜಕ್ಕೂ ಹಸಿದಿರುತ್ತದೆ. ಚಾಕೊಲೇಟ್ ಪೌಡರ್ ಮತ್ತು ಸಕ್ಕರೆ ಹಾಕಿದ ಹಾಲು, ಬೇಕರಿಯ ಪಫ್ಸ್ ಅಥವಾ ಕ್ರೀಮ್ ಬನ್. ಟ್ಯೂಷನ್ನಿಗೆ ಹೋಗುವಾಗ ಚಿಪ್ಸ್ ಪ್ಯಾಕೆಟ್. ಏಳಕ್ಕೆ ಅಪ್ಪ ಬಂದಾಗ ಚಾ, ಜೊತೆಗೆ ಬಿಸ್ಕೆಟ್, ಕೆಲವು ದಿನ ಗೋಳಿಬಜೆ. ಊಟ ಒಂಬತ್ತೂವರೆಗೆ, ಕೈಯಲ್ಲಿ ಮೊಬೈಲ್. ಮಲಗುವಾಗ ಹನ್ನೊಂದು. ಬೆಳಿಗ್ಗೆ ಏಳುವಾಗ ಹಸಿವಿಲ್ಲ, ತಿಂಡಿ ಬೇಡ. ಮತ್ತೆ ಅದೇ ಸುತ್ತು.

ಇದರಲ್ಲಿ ಕುಡಿಯುವುದರ ಪಾಲು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೋಲಾದಂಥ ತಂಪು ಪಾನೀಯದಲ್ಲಿ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ 250 ಮಿಲಿಯ ಒಂದು ಸಣ್ಣ ಬಾಟಲಿಯಲ್ಲಿ ಐದು ಟೀ ಚಮಚ. ಒಬ್ಬ ದೊಡ್ಡವರಿಗೇ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 'ಹಣ್ಣಿನ ಜ್ಯೂಸ್ ಅಲ್ವಾ' ಎಂದು ಕೊಡುವ ಪ್ಯಾಕೆಟ್ಟಿನ ಹಿಂಬದಿಯನ್ನೂ ಒಮ್ಮೆ ಓದಿ ನೋಡಿ.

ನಾನು ಹೇಳುವ ಮುಖ್ಯ ಬದಲಾವಣೆ ಒಂದೇ. ನಾಲ್ಕೂವರೆಗೆ ಮಗುವಿಗೆ ತಿಂಡಿ ಬೇಡ, ಊಟವನ್ನೇ ಕೊಡಿ. ಕುಚ್ಚಲಕ್ಕಿ ಗಂಜಿ ಮತ್ತು ಹೆಸರುಕಾಳಿನ ಪಲ್ಯ, ಮಧ್ಯಾಹ್ನದ ಅನ್ನ ಮತ್ತು ಬಂಗುಡೆ ಸಾರು, ನೀರುದೋಸೆ ಮತ್ತು ಕಡಲೆ ಗಸಿ, ಕಡ್ಲೆ ಬಜಿಲ್ (ಕಡಲೆ ಮತ್ತು ಅವಲಕ್ಕಿ), ಬೇಯಿಸಿದ ಮೊಟ್ಟೆ. ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದು. ಕಾಳು, ಮೀನು, ಮೊಟ್ಟೆ ಇದ್ದರೆ ಹೊಟ್ಟೆ ಬಹಳ ಹೊತ್ತು ತುಂಬಿರುತ್ತದೆ, ಪ್ಯಾಕೆಟ್ ನೆನಪಾಗುವುದು ಕಡಿಮೆ. ರಾತ್ರಿ ಎಂಟರೊಳಗೆ ಎಲ್ಲರೂ ಒಟ್ಟಿಗೆ ಕುಳಿತು ಹಗುರವಾಗಿ ಉಣ್ಣಿ. ಮೊಬೈಲ್, ಟಿವಿ ಇಲ್ಲದೆ. ಹೀಗೆ ನಡೆಸಿದರೆ ಬೆಳಿಗ್ಗೆ ಮಗು ತಾನಾಗಿ ತಿಂಡಿ ಕೇಳುತ್ತದೆ.

ಬೇಗ ಉಂಡರೆ ಬೇಗ ಮಲಗಬಹುದು. ಇದು ಸಣ್ಣ ವಿಷಯವಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತದೆ. ಮರುದಿನ ಸಿಹಿ, ಕರಿದದ್ದೇ ಬೇಕು ಅನಿಸುತ್ತದೆ.

ಬನ್ಸ್, ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಮ್ ಇವನ್ನೆಲ್ಲ ನಿಲ್ಲಿಸಬೇಕಾ? ಬೇಡ. ಭಾನುವಾರ ಎಲ್ಲರೂ ಸೇರಿ ತಿನ್ನಿ, ಗಡ್‌ಬಡ್ ಒಂದು ತರಿಸಿ ಇಬ್ಬರು ಹಂಚಿಕೊಳ್ಳಿ. ಪೂರ್ತಿ ನಿಷೇಧ ಹಾಕಿದ ಮನೆಯ ಮಕ್ಕಳು ಕದ್ದು ತಿನ್ನುವುದನ್ನು ಕಲಿಯುತ್ತಾರೆ. ತೂಕಕ್ಕಿಂತ ಅದನ್ನು ಬಿಡಿಸುವುದು ಕಷ್ಟ.

ಮಗುವಿಗೆ ಮಾತ್ರ ಕಾನೂನು ಮಾಡಿದರೆ ಅದು ನಿಲ್ಲುವುದಿಲ್ಲ. ಅಪ್ಪ ಟಿವಿ ಮುಂದೆ ಮಿಕ್ಸ್ಚರ್ ಡಬ್ಬಿ ಹಿಡಿದು ಕೂತಿದ್ದರೆ, ಎಂಟು ವರ್ಷದ ಮಗು ಸೌತೆಕಾಯಿ ತಿನ್ನಬೇಕು ಎನ್ನುವುದು ಅನ್ಯಾಯ. ಅಮೆರಿಕದ ಸಂಶೋಧಕ ಲೆನಾರ್ಡ್ ಎಪ್‌ಸ್ಟೀನ್ ಮತ್ತು ಸಂಗಡಿಗರು ಕುಟುಂಬಗಳನ್ನು ಹತ್ತು ವರ್ಷ ಗಮನಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆತ್ತವರು ಮತ್ತು ಮಗು ಇಬ್ಬರೂ ಅಭ್ಯಾಸ ಬದಲಿಸಿಕೊಳ್ಳುವಂತೆ ಪ್ರೋತ್ಸಾಹ ಪಡೆದ ಗುಂಪಿನಲ್ಲಿ ಮಕ್ಕಳ ಹೆಚ್ಚುವರಿ ತೂಕ ಹತ್ತು ವರ್ಷದ ನಂತರವೂ ಮೊದಲಿಗಿಂತ ಕಡಿಮೆ ಇತ್ತು. ಇಂಥ ಗುರಿ ಇಲ್ಲದ ಗುಂಪಿನಲ್ಲಿ ಅದು ಏರಿತ್ತು.

ನಮ್ಮ ಕಡೆ ಅಜ್ಜಿಯನ್ನು ಬಿಟ್ಟು ಈ ಕೆಲಸ ಆಗುವುದೇ ಇಲ್ಲ. ಅಪ್ಪ ದುಬೈಯಲ್ಲೋ ಕತಾರಿನಲ್ಲೋ, ಅಮ್ಮನಿಗೆ ಬ್ಯಾಂಕಿನ ಕೆಲಸ, ಸಂಜೆ ಮಗುವನ್ನು ನೋಡಿಕೊಳ್ಳುವವರು ಅಜ್ಜಿ. ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಕಿಲೋಗಟ್ಟಲೆ ಚಾಕೊಲೇಟ್. ಬಡಿಸುವುದೇ ಅಜ್ಜಿಯ ಪ್ರೀತಿ, ಅದನ್ನು ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. "ಅಜ್ಜಿ, ನೀವು ಸಣ್ಣದಿರುವಾಗ ಶಾಲೆ ಬಿಟ್ಟು ಬಂದು ಎಂತ ತಿನ್ನುತ್ತಿದ್ದಿರಿ?" ಎಂದು ಕೇಳುತ್ತೇನೆ. ಗಂಜಿ, ಹುರುಳಿ ಚಟ್ನಿ, ಸುಟ್ಟ ಹಲಸಿನ ಬೀಜ ಎಲ್ಲ ನೆನಪಾಗುತ್ತದೆ. ಅದನ್ನೇ ಮೊಮ್ಮಗನಿಗೂ ಮಾಡಿಕೊಡಿ ಎಂದರೆ ಅವರಷ್ಟು ಶಿಸ್ತಾಗಿ ನಡೆಸುವವರು ಬೇರೆ ಇಲ್ಲ. ಒಂದು ಮಾತು ಮಾತ್ರ ಕೇಳಿಕೊಳ್ಳುತ್ತೇನೆ: ಏನು, ಯಾವಾಗ ಎನ್ನುವುದು ನಿಮ್ಮ ಕೈಯಲ್ಲಿರಲಿ, ಎಷ್ಟು ಎನ್ನುವುದನ್ನು ಮಗುವಿಗೆ ಬಿಡಿ. ತಟ್ಟೆ ಖಾಲಿ ಮಾಡಲೇಬೇಕು ಎಂದು ಒತ್ತಾಯ ಬೇಡ.

'ಡುಮ್ಮ' ಎಂದು ಕರೆಯುವುದನ್ನು ಇವತ್ತೇ ನಿಲ್ಲಿಸಿ. ಪ್ರೀತಿಯಿಂದ ಕರೆದರೂ ಮಗುವಿಗೆ ಅದು ನಾಚಿಕೆಯೇ. ನಾಚಿಕೆಯಾದ ಮಗು ಆಟದ ಬಯಲಿಗೆ ಹೋಗುವುದಿಲ್ಲ. ದಿನಾ ತೂಕ ನೋಡುವುದೂ ಬೇಡ. ಶಾಲೆಗೆ ಹೋಗುವ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಹಾಗಾಗಿ ತೂಕ ಸ್ವಲ್ಪವೇ ಜಾಸ್ತಿ ಇರುವವರಿಗೆ ಇಳಿಸಬೇಕೆಂದಿಲ್ಲ, ಏರುವುದು ನಿಂತರೆ ಸಾಕು, ಎತ್ತರ ಬೆಳೆದಂತೆ ಸರಿಹೊಂದುತ್ತದೆ.

ಆಟ ದಿನಕ್ಕೆ ಒಂದು ಗಂಟೆ, ಮೈ ಬೆವರುವಂತೆ. ಮೇ ತನಕ ಮಲ್ಪೆ ಕಡಲತೀರ, ಅಜ್ಜರಕಾಡು ಮೈದಾನ ಇದೆ. ಜೂನ್ ಬಂತೆಂದರೆ ನಾಲ್ಕು ತಿಂಗಳು ಮಳೆ, ಮಕ್ಕಳು ಸೋಫಾದಿಂದ ಏಳುವುದಿಲ್ಲ. ಇದಕ್ಕೆ ಮೊದಲೇ ದಾರಿ ಮಾಡಿಕೊಳ್ಳಿ. ಜಗಲಿಯಲ್ಲಿ ಸ್ಕಿಪ್ಪಿಂಗ್, ಅಪಾರ್ಟ್‌ಮೆಂಟ್ ಮೆಟ್ಟಿಲು. ನನಗೆ ತುಂಬ ಇಷ್ಟವಾದದ್ದು ಯಕ್ಷಗಾನದ ಕ್ಲಾಸ್. ಹೆಜ್ಜೆ, ದಿಗಿಣ (ಹಾರಿ ಸುತ್ತುವ ಕುಣಿತ) ಕಲಿಯುವಾಗ ಆಗುವ ವ್ಯಾಯಾಮ ಯಾವ ಜಿಮ್ಮಿಗೂ ಕಡಿಮೆಯಿಲ್ಲ. ಅಷ್ಟಮಿಗೆ ತಾಸೆಯ ಸದ್ದು ಕೇಳಿ ಹುಲಿವೇಷದ ಹೆಜ್ಜೆ ಹಾಕುವ ಮಗುವನ್ನು ಓದು ಎಂದು ಒಳಗೆ ಕರೆಯಬೇಡಿ.

ಕೆಲವು ಮಕ್ಕಳನ್ನು ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ಅದು ಕೊಳೆಯಲ್ಲ, ಉಜ್ಜಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಸೂಚನೆ ಅದಾಗಿರಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವುದು, ಸೊಂಟ ಅಥವಾ ಮೊಣಕಾಲು ನೋವಿನಿಂದ ಕುಂಟುವುದು, ವಿಪರೀತ ಬಾಯಾರಿಕೆ ಇವೂ ಹಾಗೆಯೇ. ತೂಕ ಏರುತ್ತಿದ್ದು ಎತ್ತರ ನಿಂತುಹೋಗಿದ್ದರೆ ಥೈರಾಯ್ಡ್‌ನಂಥ ಕಾರಣ ಹುಡುಕಬೇಕಾಗುತ್ತದೆ. ಬರುವಾಗ ತಾಯಿ ಕಾರ್ಡ್, ಶಾಲೆಯ ಹೆಲ್ತ್ ಕಾರ್ಡ್ ಎರಡನ್ನೂ ತನ್ನಿ. ಹಳೆಯ ತೂಕ, ಎತ್ತರ ಸಿಕ್ಕಿದರೆ ಯಾವ ವಯಸ್ಸಿನಿಂದ ಏರಿಕೆ ಶುರುವಾಯಿತು ಎಂದು ಚಾರ್ಟಿನಲ್ಲಿ ಗೊತ್ತಾಗುತ್ತದೆ.