ಯಾರೂ ಒತ್ತದೆ ಗೇಟು ತೆರೆದುಕೊಂಡರೆ ಬೋರ್ಡನ್ನು ಕಡೆಗೆ ಅನುಮಾನಿಸಿ

ಹುಬ್ಬಳ್ಳಿ-ಧಾರವಾಡದಲ್ಲಿ ರಿಮೋಟ್ ಗೇಟು ಈಗ ಅಪರೂಪದ್ದೇನಲ್ಲ. ವಿದ್ಯಾನಗರ, ನವನಗರ, ಸಪ್ತಾಪುರ, ಯಾವ ಕಡೆ ಹೋದರೂ ಕಾರು ಬಂದ ಕೂಡಲೇ ತಾನೇ ಸರಿಯುವ ಗೇಟು ಕಾಣುತ್ತದೆ. ಅಂಗಡಿ ಶಟರ್‌ಗಳಿಗೂ ಮೋಟರ್ ಬಂದಿದೆ. ಜೊತೆಗೆ ಒಂದು ತಕರಾರೂ ಬಂದಿದೆ. ರಾತ್ರಿ ಮುಚ್ಚಿ ಮಲಗಿರುತ್ತಾರೆ, ಬೆಳಿಗ್ಗೆ ನೋಡಿದರೆ ಗೇಟು ಪೂರ್ತಿ ತೆರೆದು ನಿಂತಿರುತ್ತದೆ. ರಿಪೇರಿಗೆ ಕರೆದರೆ ಮೊದಲು ಬರುವ ಮಾತು, "ಬೋರ್ಡ್ ಹೋಗೇತ್ರಿ, ಹೊಸಾದು ಹಾಕಬೇಕು."

ಬೋರ್ಡ್ ಅಂದರೆ ಮೋಟರನ್ನು ನಡೆಸುವ ಸರ್ಕ್ಯೂಟ್ ಹಲಗೆ. ಹೂಂ ಅನ್ನುವ ಮೊದಲು ಸ್ವಲ್ಪ ತಡೆಯಿರಿ. ಮೋಟರ್ ಸುಮ್ನೆ ತಿರುಗುವುದಿಲ್ಲ. ಯಾವುದೋ ದಾರಿಯಿಂದ ಬೋರ್ಡಿಗೆ "ತೆರೆ" ಅಂತ ಆಜ್ಞೆ ಬಂದಿರಬೇಕು. ಅಂಥ ದಾರಿಗಳು ಜಾಸ್ತಿ ಇಲ್ಲ: ಗೋಡೆಯ ಸ್ವಿಚ್ಚಿನ ವೈರು, ರಿಮೋಟಿನ ರೇಡಿಯೋ, ಅಡ್ಡ ಬಂದದ್ದನ್ನು ಗುರುತಿಸುವ ಸೆನ್ಸರ್, ಹೊಸ ಮಾದರಿಗಳಲ್ಲಿ ಮೊಬೈಲ್ ಆ್ಯಪ್. ಒಂದೊಂದನ್ನೇ ಮುಚ್ಚುತ್ತಾ ಹೋದರೆ ಕಳ್ಳದಾರಿ ಸಿಕ್ಕೇ ಸಿಗುತ್ತದೆ.

ನನ್ನ ಅನುಭವದಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಅತಿ ಅಗ್ಗದ ಭಾಗ, ಅಂದರೆ ಗೇಟಿನ ಕಂಬಕ್ಕೋ ವರಾಂಡದ ಗೋಡೆಗೋ ಹಾಕಿದ ಒತ್ತುವ ಸ್ವಿಚ್ಚು. ಸಪ್ತಾಪುರದ ಪರಿಚಯದವರ ಮನೆಯಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಮಾತ್ರ ಗೇಟು ತಾನಾಗಿ ತೆರೆಯುತ್ತಿತ್ತು. ಸ್ವಿಚ್ಚಿನ ಮುಚ್ಚಳ ಬಿಚ್ಚಿದರೆ ಒಳಗೆ ಸತ್ತ ಇರುವೆಗಳ ಗುಡ್ಡೆ. ಎರಡು ಸ್ಕ್ರೂಗಳ ನಡುವೆ ಒದ್ದೆ ಧೂಳು ಅಂಟಿಕೊಂಡಿತ್ತು, ತಾಮ್ರದ ತಂತಿಯ ತುದಿ ಹಸಿರು ಬಣ್ಣಕ್ಕೆ ತಿರುಗಿತ್ತು. ಅಷ್ಟು ಸಾಕು. ಬೋರ್ಡು ಆ ವೈರಿನ ಮೇಲೆ ಯಾವಾಗಲೂ ಸಣ್ಣ ವೋಲ್ಟೇಜ್ ಇಟ್ಟಿರುತ್ತದೆ. ನಾವು ಒತ್ತಿದಾಗ ಎರಡು ತಂತಿ ಕೂಡಿ ಆ ವೋಲ್ಟೇಜ್ ಬಿದ್ದುಹೋಗುತ್ತದೆ, ಬೋರ್ಡು ಗಮನಿಸುವುದು ಅದೊಂದನ್ನೇ, ತಂತಿ ಕೂಡಿಸಿದ್ದು ಬೆರಳೋ ಕೊಳೆಯೋ ಅಂತ ತಿಳಿಯುವ ದಾರಿ ಅದಕ್ಕಿಲ್ಲ. ಬರೀ ಮಳೆನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ. ಆದರೆ ಧೂಳಿನಲ್ಲಿರುವ ಉಪ್ಪಿನ ಅಂಶ ನೀರಿಗೆ ಕರಗಿತೆಂದರೆ ಹರಿಯತೊಡಗುತ್ತದೆ. ಹಾಗೆ ಸೋರುವ ಕರೆಂಟೇ ತಾಮ್ರವನ್ನು ಇನ್ನಷ್ಟು ತಿಂದು ಹಸಿರು ಮಾಡುತ್ತದೆ, ಹಸಿರು ಬೆಳೆದಂತೆ ಸೋರಿಕೆಯೂ ಬೆಳೆಯುತ್ತದೆ. ಬಿಸಿಲು ಬಿದ್ದು ಒಣಗಿದ ಮೇಲೆ ಎಲ್ಲ ಸರಿ. ರಿಪೇರಿಗೆ ಬಂದವರಿಗೆ ಏನೂ ಕಾಣುವುದಿಲ್ಲ, ಬೋರ್ಡಿನ ಮೇಲೆ ಅನುಮಾನ ಬೀಳುತ್ತದೆ. ಸ್ವಿಚ್ಚಿನ ವೈರನ್ನು ಮನೆ ಲೈನಿನ ಪೈಪಿನಲ್ಲೇ ತೂರಿಸಿದ್ದರೆ ಇನ್ನೊಂದು ತೊಂದರೆ: ಪಂಪ್ ಚಾಲೂ ಮಾಡಿದಾಗ ಪಕ್ಕದ 230 ವೋಲ್ಟ್ ತಂತಿಯಿಂದ ಇದಕ್ಕೆ ಒಂದು ಕ್ಷಣದ ಏಟು ತಗಲುತ್ತದೆ, ಬೋರ್ಡು ಅದನ್ನೂ ಆಜ್ಞೆ ಅಂದುಕೊಳ್ಳಬಹುದು.

ಇನ್ನು ರೇಡಿಯೋ. ನಮ್ಮಲ್ಲಿ ಬಳಕೆಯಲ್ಲಿರುವ ಗೇಟ್ ರಿಮೋಟ್‌ಗಳು ಬಹುಪಾಲು 433.92 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಆ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ರಿಮೋಟಿನ ಅಲೆ ಹಿಡಿಯುವ ರಿಸೀವರ್‌ನಿಂದ ನೇತಾಡುವ ಆ್ಯಂಟೆನಾ ತಂತಿ ಸಾಮಾನ್ಯವಾಗಿ ಅದರ ಕಾಲುಭಾಗ, ಸುಮಾರು 17 ಸೆಂಟಿಮೀಟರ್ ಇರುವುದು ಅದಕ್ಕೇ. "ಮೊಬೈಲ್ ಟವರ್‌ನಿಂದ ಗೇಟು ತೆರೆಯುತ್ತೆ" ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಬರೀ ಗದ್ದಲಕ್ಕೆ ರಿಸೀವರ್ ಹೂಂ ಅನ್ನುವುದಿಲ್ಲ, ಅದಕ್ಕೆ ಸರಿಯಾದ ಕೋಡೇ ಬೇಕು. ಬೇರೆ ಅಲೆಗಳ ಗದ್ದಲದಿಂದ ಆಗುವುದು ಉಲ್ಟಾ: ರಿಮೋಟ್ ಒತ್ತಿದರೂ ಗೇಟು ತೆರೆಯುವುದಿಲ್ಲ.

ಹಾಗಾದರೆ ಸರಿಯಾದ ಕೋಡು ಎಲ್ಲಿಂದ ಬರುತ್ತದೆ? ಸೋಫಾ ಸಂದಿಯಲ್ಲಿ ಬಟನ್ ಅದುಮಿಕೊಂಡು ಕೂತ ರಿಮೋಟಿನಿಂದ ಬರಬಹುದು, ಮಾರಿದ ಕಾರಿನಲ್ಲೇ ಉಳಿದ ರಿಮೋಟಿನಿಂದಲೂ ಬರಬಹುದು. ಪಕ್ಕದ ಮನೆಯದ್ದೂ ಆಗಿರಬಹುದು. ಹಳೆಯ ರಿಮೋಟ್‌ಗಳ ಒಳಗೆ ಕೋಡ್ ಇಡಲು ಪುಟ್ಟ ಸ್ವಿಚ್ಚುಗಳ ಸಾಲು ಇರುತ್ತದೆ. ಎಂಟು ಇದ್ದರೆ 256 ಕೋಡು, ಹನ್ನೆರಡು ಇದ್ದರೆ 4096, ಅಷ್ಟೇ. ಬಂದಂತೆಯೇ ಬಿಟ್ಟವರ ಗೇಟುಗಳೆಲ್ಲ ಒಂದೇ ಕೋಡಿಗೆ ತೆರೆಯಬಹುದು. 2015ರಲ್ಲಿ ಅಮೆರಿಕದ ಭದ್ರತಾ ಸಂಶೋಧಕ ಸ್ಯಾಮಿ ಕಮ್ಕರ್ ಒಂದು ಮಕ್ಕಳ ಆಟಿಕೆಯನ್ನೇ ಮಾರ್ಪಡಿಸಿ, ಇಂಥ ಬದಲಾಗದ ಕೋಡಿನ ಗ್ಯಾರೇಜ್ ಬಾಗಿಲುಗಳನ್ನು 10 ಸೆಕೆಂಡಿನೊಳಗೆ ತೆರೆಯಬಹುದು ಅಂತ ತೋರಿಸಿದರು. ಒತ್ತಿದಾಗಲೆಲ್ಲ ಕೋಡು ಬದಲಾಗುವ 'ರೋಲಿಂಗ್ ಕೋಡ್' ರಿಮೋಟ್‌ಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಹೊಸದು ಕೊಳ್ಳುವಾಗ ಅದನ್ನೇ ಕೇಳಿ ತಗೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ.

ಪತ್ತೆ ಮಾಡುವ ಕ್ರಮ ಸುಲಭ. ಮೇನ್ ಆಫ್ ಮಾಡಿ, ಬೋರ್ಡಿನಿಂದ ಗೋಡೆ ಸ್ವಿಚ್ಚಿನ ಎರಡು ತಂತಿ ಬಿಚ್ಚಿ, ಬರೀ ರಿಮೋಟ್ ಮೇಲೆ ಕೆಲವು ದಿನ ಗೇಟು ನಡೆಸಿ. ಮಳೆ ಬಂದರೂ ಗೇಟು ತೆಪ್ಪಗಿದ್ದರೆ ಕಳ್ಳ ವೈರಿನಲ್ಲೇ ಇದ್ದಾನೆ. ಇಲ್ಲವಾದರೆ ಎಲ್ಲ ರಿಮೋಟ್‌ಗಳ ಸೆಲ್ ತೆಗೆದಿಡಿ. ಆಗಲೂ ತೆರೆದರೆ ರಿಸೀವರ್‌ನ ಮೆಮೊರಿ ಪೂರ್ತಿ ಅಳಿಸಿ, ನಿಮ್ಮ ಕೈಯಲ್ಲಿರುವ ರಿಮೋಟ್‌ಗಳನ್ನು ಮಾತ್ರ ಹೊಸದಾಗಿ ಕಲಿಸಿ. ಕಳೆದುಹೋದವು, ಯಾರೋ ನಕಲು ಮಾಡಿಸಿಕೊಂಡವು ಎಲ್ಲ ಒಂದೇ ಏಟಿಗೆ ಹೊರಗೆ. ಕೋಡು ಪುಟ್ಟ ಸ್ವಿಚ್ಚುಗಳದ್ದಾದರೆ ಅದನ್ನೇ ಬದಲಿಸಬೇಕು. ಆ್ಯಪ್ ಇದ್ದರೆ ಪಾಸ್‌ವರ್ಡ್ ಬದಲಿಸಿ. ಇಷ್ಟೆಲ್ಲ ಆದಮೇಲೂ ನಿಲ್ಲದಿದ್ದರೆ ಬೋರ್ಡಿನ ಸರದಿ: ಒಳಗೆ ಹಲ್ಲಿ ಹೊಕ್ಕಿದೆಯಾ, ಸಿಡಿಲು-ಗುಡುಗಿನ ದಿನ ಏನಾದರೂ ಸುಟ್ಟಿದೆಯಾ, ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಂಡಿದೆಯಾ ನೋಡಿಸಿ.

ಕೆಲವು ಗೇಟುಗಳು ನಿಜವಾಗಿ ತಾವಾಗೇ ತೆರೆಯುವುದಿಲ್ಲ, ಮುಚ್ಚಲು ಹೋಗಿ ವಾಪಸ್ ಬರುತ್ತವೆ. ಒತ್ತಿ ಒಳಗೆ ಹೋದವರಿಗೆ ಇದು ಗೊತ್ತೇ ಆಗುವುದಿಲ್ಲ. ಕಂಬಗಳ ನಡುವೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಓಡುತ್ತಿರುತ್ತದೆ, ಅದು ತುಂಡಾದರೆ ಯಾರೋ ಅಡ್ಡ ಬಂದಿದ್ದಾರೆ ಅಂತ ಗೇಟು ಹಿಂದೆ ಸರಿಯುತ್ತದೆ. ಜೇಡರಬಲೆ, ಸಂಜೆಯ ಓರೆ ಬಿಸಿಲು ನೇರ ಸೆನ್ಸರ್‌ಗೆ ಬೀಳುವುದು, ಇವೇ ಸಾಕು. ಎರೆಮಣ್ಣಿನ ಕಡೆ, ಅಂದರೆ ಹುಬ್ಬಳ್ಳಿಯಿಂದ ನವಲಗುಂದ, ಗದಗದವರೆಗೆ, ಇನ್ನೊಂದು ಕಾರಣವೂ ಇದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಪಾಯ ಆಳಕ್ಕೆ ಇಳಿಯದ ಕಂಬ ಅದರ ಜೊತೆ ಓಲಾಡುತ್ತದೆ. ಕಂಬ ವಾಲಿದರೆ ಕಿರಣದ ಗುರಿ ತಪ್ಪುತ್ತದೆ, ಕೆಳಗಿನ ಹಳಿ ಡೊಂಕಾದರೆ ಗೇಟು ಬಿಗಿಯಾಗಿ ಮೋಟರ್ ಎಳೆಯುವ ಕರೆಂಟ್ ಏರುತ್ತದೆ. ಬೋರ್ಡು ಅದನ್ನೂ ಅಡ್ಡಿ ಅಂತಲೇ ಓದುತ್ತದೆ. ಇಲ್ಲಿ ಕರೆಸಬೇಕಾದ್ದು ಗೌಂಡಿಯನ್ನು.

ಒಂದು ವಿನಂತಿ. ಕಿರಿಕಿರಿ ಅಂತ ಸೆನ್ಸರ್‌ನ ವೈರುಗಳನ್ನು ಕೂಡಿಸಿ ಅದನ್ನು ಕುರುಡು ಮಾಡಿಸಬೇಡಿ. ಬಾಗಿಲಿನಡಿ ಸಿಕ್ಕು ಮಕ್ಕಳು ಸತ್ತ ಮೇಲೆಯೇ ಅಮೆರಿಕ 1993ರಿಂದ ಮನೆಯ ಗ್ಯಾರೇಜ್ ಮೋಟರ್‌ಗಳಿಗೆ ಇಂಥ ರಕ್ಷಣೆ ಕಡ್ಡಾಯ ಮಾಡಿತು. ಗೇಟಿನ ಕಾಟ ಬಗೆಹರಿಯುವ ತನಕ ರಾತ್ರಿ ಮೋಟರ್‌ನ ಮೇನ್ ಆಫ್ ಮಾಡಿ ಕೈಯಿಂದಲೇ ಬೀಗ ಹಾಕಿ. ಶಟರ್‌ಗೂ ಹಾಗೇ, ಆದರೆ ಮೊದಲು ಮೇನ್ ಆಫ್, ಆಮೇಲೆ ಬೀಗ. ಬೀಗ ಇದ್ದಾಗ ಮೋಟರ್ ಎಳೆದರೆ ಪಟ್ಟಿಗಳು ಡೊಂಕಾಗುತ್ತವೆ, ಮೋಟರ್ ಸುಡಬಹುದು. ಕರೆಂಟ್ ಇಲ್ಲದಾಗ ಗೇಟು ಬಿಡಿಸುವ ಚಾವಿ ಎಲ್ಲಿದೆ, ಹೇಗೆ ತಿರುಗಿಸಬೇಕು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಸಪ್ತಾಪುರದ ಆ ಮನೆಯವರು ಬೋರ್ಡು ಬದಲಿಸಲಿಲ್ಲ. ನೀರು ಹೊಗದ ಸ್ವಿಚ್ಚು ಹಾಕಿಸಿದರು, ವೈರು ಕೆಳಗಿನಿಂದ ಒಳಗೆ ಬರುವ ಹಾಗೆ ಮಾಡಿಸಿದರು, ಅದಕ್ಕೆ ಬೇರೆಯದೇ ಪೈಪ್ ಎಳೆಸಿದರು.